ಶಾಲೆ ರಿಪೇರಿಗೂ ಒಂದು ಲಗ್ನ ಇಡಿ, ಸ್ವಾಮಿ!

ಸಂಕ್ರಾಂತಿ ಮುಗಿದಿದೆ. ಎಳ್ಳು ಬೆಲ್ಲ ತಿಂದ ಬಾಯಲ್ಲಿ ಒಳ್ಳೆ ಮಾತೇ ಆಡಬೇಕೆಂದು ಹಿರಿಯರು ಹೇಳುತ್ತಾರೆ. ಆದರೆ ಏನು ಮಾಡೋಣ? ಹಬ್ಬದ ಮಾರನೇ ದಿನ ಎಳ್ಳಿನ ಪೊಟ್ಟಣ ಹಿಡಿದುಕೊಂಡು ಗುಬ್ಬಿ ಕಡೆಯ ಒಂದು ಹಳ್ಳಿಗೆ, ನೆಂಟರ ಮನೆಗೆ ಹೋಗಿದ್ದ ಈ ಅಂಕಣಕಾರನ ಕಣ್ಣಿಗೆ ಅಲ್ಲಿನ ಸರ್ಕಾರಿ ಶಾಲೆ ಬಿತ್ತು. ಬಾಯಿ ಕಹಿಯಾಯಿತು.

ನಾಲ್ಕು ಕೊಠಡಿಯ ಶಾಲೆ. ಮೂರಕ್ಕೆ ಸೂರಿದೆ. ನಾಲ್ಕನೆಯದಕ್ಕೆ ಮೇಲೆ ಆಕಾಶ. ಇಳಿಸಿದ ಮಂಗಳೂರು ಹೆಂಚು ಗೋಡೆ ಪಕ್ಕ ಒಟ್ಟಿದೆ. ಆ ಸಂದಿಯಲ್ಲಿ ಹುಲ್ಲು ಬೆಳೆದು ಒಣಗಿಯೂ ಹೋಗಿದೆ. ಅಂದರೆ ಒಂದು ಮಳೆಗಾಲ ದಾಟಿದೆ ಎಂದರ್ಥ. ಒಳಗಿನ ಗೋಡೆಯಲ್ಲಿ ಬರೆಸಿದ್ದ ಭಾರತದ ಭೂಪಟ ಅರ್ಧ ಕೊಚ್ಚಿಕೊಂಡು ಹೋಗಿದೆ. ಆ ಕೊಠಡಿಯ ಮಕ್ಕಳು ಪಕ್ಕದ ಕೊಠಡಿಗೆ ಬಂದಿದ್ದಾರೆ. ಒಂದೇ ಕೋಣೆ, ಎರಡು ತರಗತಿ, ಬೆನ್ನಿಗೆ ಬೆನ್ನು ಮಾಡಿ ನಿಂತ ಇಬ್ಬರು ಮೇಷ್ಟ್ರು. ಈ ಕಡೆ ಮಗ್ಗಿ ಶುರುವಾದರೆ ಆ ಕಡೆ ಪದ್ಯ ನಿಲ್ಲಬೇಕು.

“ಇದೇನು ಭಾವ, ಶಾಲೆ ಹಿಂಗಾಗೈತೆ?” ಎಂದು ಕೇಳಿದೆ.

“ರಿಪೇರಿ ಮಾಡ್ತವ್ರೆ ಭಾವ. ಹೋದ ಬೇಸ್ಗೇಲಿ ಹೆಂಚಿಳಿಸಿದ್ರು, ರೀಪು ಕಿತ್ರು, ಫೋಟೋ ಹೊಡ್ಕೊಂಡ್ರು. ಅಷ್ಟೊತ್ಗೆ ಮಳೆ ಹಿಡ್ಕೊಂತು. ಮಳೆ ನಿಂತ್ಮೇಲೆ ಬತ್ತೀವಿ ಅಂದ್ರು. ಮುಂಚೆ ಸೋರ್ತಿತ್ತು. ಈಗ ಸೋರೋದಿಲ್ಲ ಬುಡು, ಸೋರೋಕೆ ಮೇಲೆ ಏನೈತೆ?”

ಆ ಶಾಲೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಬೆಳಿಗ್ಗೆ ನೋಟೀಸು ಹೋಗುವುದು ಹೆಡ್‌ಮಾಸ್ತರಿಗೆ. ಅವರ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಮೇಲಾಗಿ ಇದು ಒಂದು ಊರಿನ ಕಥೆಯಲ್ಲ. ಗುಬ್ಬಿಯಲ್ಲಿ ಹೆಂಚು, ಕುಣಿಗಲ್ಲಿನಲ್ಲಿ ತಾರಸಿ, ತುಮಕೂರು ಪಟ್ಟಣದಲ್ಲಿ ಶೌಚಾಲಯ. ಅರ್ಧಕ್ಕೆ ನಿಂತ ರಿಪೇರಿ ಯಾವ ಊರಿನಲ್ಲಿಲ್ಲ? ಓದುಗ ಮಹಾಶಯರು ತಮ್ಮ ತಮ್ಮ ಊರಿನ ಶಾಲೆಯನ್ನು ನೆನೆಸಿಕೊಂಡರೆ ಸಾಕು.

ಮೇಸ್ತ್ರಿ ಹೇಳಿದ ಲೆಕ್ಕ

ಶಾಲೆ ಕಟ್ಟಡದ ಕೆಲಸಕ್ಕೆ ವರ್ಷದಲ್ಲಿ ಸಿಗುವುದು ಒಂದೇ ದೊಡ್ಡ ಸಂದು, ಬೇಸಿಗೆ ರಜೆ. ಈಚಿನ ವರ್ಷಗಳಲ್ಲಿ ಅದು ಏಪ್ರಿಲ್ 11ರ ಸುಮಾರಿಗೆ ಶುರುವಾಗಿ ಮೇ 28ರ ಸುಮಾರಿಗೆ ಮುಗಿಯುತ್ತದೆ. 2025ರಲ್ಲಿ ಮೇ 29ಕ್ಕೆ ಗಂಟೆ ಹೊಡೆಯಿತು. ಬೆರಳು ಮಡಿಸಿ ಎಣಿಸಿದರೆ 48 ದಿನ. ಹೈಸ್ಕೂಲುಗಳಿಗೆ ಅದೂ ಪೂರ್ತಿ ಸಿಗುವುದಿಲ್ಲ, 2024ರಲ್ಲಿ ಎಸ್.ಎಸ್.ಎಲ್.ಸಿ.ಗೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಶುರುವಾದ ಮೇಲೆ ರಜೆಯ ಬಾಲಕ್ಕೂ ಪರೀಕ್ಷೆ ಬಂದು ಕೂತಿದೆ.

ಈ 48 ದಿನದಲ್ಲಿ ಏನು ಮಾಡಬಹುದು, ಏನು ಮಾಡಲಾಗದು? ಇದನ್ನು ಇಂಜಿನಿಯರನ್ನು ಕೇಳುವ ಮುಂಚೆ ಕುಣಿಗಲ್ ಕಡೆಯ ಹಳೇ ಗಾರೆ ಮೇಸ್ತ್ರಿಯೊಬ್ಬರನ್ನು ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಕೂರಿಸಿಕೊಂಡು ಕೇಳಿದೆ. ಅವರು ಟೇಬಲ್ಲಿನ ಮೇಲೆ ಟೀ ನೀರಿನಲ್ಲೇ ಲೆಕ್ಕ ಬರೆದರು.

“ಒಂದು ಕೋಣೆ ಹಳೇ ಸೂರು ತೆಗ್ದು ಹೊಸ ತಾರಸಿ ಹಾಕ್ಬೇಕು ಅನ್ನಿ. ಕೆಡವಿ ಮಣ್ಣು ಸಾಗಿಸೋಕೆ ಐದು ದಿನ. ಸೆಂಟ್ರಿಂಗು, ಕಂಬಿ ಕಟ್ಟೋದು ಎಂಟು ದಿನ. ಕಾಂಕ್ರೀಟು ಒಂದು ದಿನ. ಆಮೇಲೆ ಹದಿನಾಲ್ಕು ದಿನ ಯಾರೂ ಮುಟ್ಟಂಗಿಲ್ಲ. ಆಮೇಲೆ ಗಾರೆ, ಅದಕ್ಕೆ ನೀರು, ಹತ್ತು ದಿನ. ಕರೆಂಟು, ಸುಣ್ಣ ಬಣ್ಣ, ಕಸ ತೆಗೆಯೋದು ಐದು ದಿನ. ಎಷ್ಟಾಯ್ತು ಸ್ವಾಮಿ?”

ನಲವತ್ಮೂರು. ಉಳಿದದ್ದು ಐದು ದಿನ. ಆ ಐದು ದಿನದಲ್ಲೇ ಮಳೆ, ಮದುವೆ, ಮೈಲಿಗೆ, ಸಿಮೆಂಟು ಬರದಿದ್ದದ್ದು, ಆಳು ಬರದಿದ್ದದ್ದು ಎಲ್ಲಾ ಆಗಿಹೋಗಬೇಕು.

ಹದಿನಾಲ್ಕು ದಿನ ಮುಟ್ಟಬಾರದು ಎನ್ನುವುದು ಮೇಸ್ತ್ರಿಯ ಮೊಂಡುತನವಲ್ಲ. ಕಾಂಕ್ರೀಟಿಗೆ ದೇಶಕ್ಕೆಲ್ಲ ಒಂದೇ ಶಾಸ್ತ್ರ, ಐ.ಎಸ್. 456 ಎಂದು ಅದರ ಹೆಸರು. ತಾರಸಿಯ ಹರವು ನಾಲ್ಕೂವರೆ ಮೀಟರಿನೊಳಗಿದ್ದರೆ ಕೆಳಗಿನ ಆಸರೆ ಕಂಬಗಳನ್ನು 7 ದಿನ ತೆಗೆಯಬಾರದು. ಅದನ್ನು ಮೀರಿದರೆ 14 ದಿನ. ಬೀಮಿನ ಉದ್ದ ಆರು ಮೀಟರು ಮೀರಿದರೆ 21 ದಿನ. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಪಿ.ಪಿ.ಸಿ. ಸಿಮೆಂಟಿನ ಕಾಂಕ್ರೀಟಿಗೆ ಕಡೇಪಕ್ಷ 10 ದಿನ ಬಿಡದೆ ನೀರು ಉಣಿಸಬೇಕು. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಏಪ್ರಿಲ್‌ನಲ್ಲಿ ತಾರಸಿಗೆ ನೀರು ಎಲ್ಲಿಂದ ತರುತ್ತೀರಿ ಎಂಬುದನ್ನು ಅಂದಾಜು ಪಟ್ಟಿಯಲ್ಲೇ ಬರೆಯಬೇಡವೇ? ಪೂರಾ ಬಲ ಬಂತೆಂದು ಲೆಕ್ಕ ಹಿಡಿಯುವುದು 28ನೇ ದಿನಕ್ಕೆ. ಇದರಲ್ಲಿ ಮಂತ್ರಿಗಳ ಶಿಫಾರಸು ನಡೆಯುವುದಿಲ್ಲ. ಸಿಮೆಂಟು ಯಾರ ಪೋನಿಗೂ ಹೆದರುವ ಪೈಕಿ ಅಲ್ಲ.

ಇಪ್ಪತ್ತು ಅಡಿ ಅಂದರೆ ಆರು ಮೀಟರಿಗೆ ಸ್ವಲ್ಪ ಜಾಸ್ತಿ. ಇಪ್ಪತ್ತಡಿ ಕೊಠಡಿಗೆ ಅಡ್ಡಲಾಗಿ ಬೀಮು ಹಾಕಿದರೆ 21 ದಿನದ ಲೆಕ್ಕಕ್ಕೆ ಬರುತ್ತದೆ. ಆಗ ಮೇಸ್ತ್ರಿಯ ಲೆಕ್ಕ 43ರಿಂದ 50ಕ್ಕೆ ಏರಿತು, ರಜೆಯನ್ನೇ ಮೀರಿತು. ಅಂದಮೇಲೆ ಆ ಕೆಲಸ ರಜೆಯೊಳಗೆ ಮುಗಿಯುತ್ತದೆಂದು ಬರೆದುಕೊಡುವವರು ಒಂದೋ ಲೆಕ್ಕ ಬರದವರು, ಇಲ್ಲವೇ ಮಕ್ಕಳನ್ನು ಆಸರೆ ಕಂಬದ ನಡುವೆ ಕೂರಿಸಲು ತಯಾರಾದವರು. ಹೆಂಚಿನ ಶಾಲೆಯಾದರೆ ಇಷ್ಟು ಕಷ್ಟವಿಲ್ಲ. ಗೆದ್ದಲು ತಿಂದ ರೀಪು, ತೊಲೆ ಬದಲಿಸಿ ಹೆಂಚು ಕೈಯಾಡಿಸಲು ನೀರೂ ಬೇಡ, ಒಣಗಿಸುವುದೂ ಬೇಡ. ಮರ ಮುಂಚೆಯೇ ತಂದಿಟ್ಟಿದ್ದರೆ ಕೊಠಡಿಗೆ ಒಂದೆರಡು ವಾರದ ಕೆಲಸ. ನಮ್ಮ ಭಾವನ ಊರಿನಲ್ಲಿ ಮುಗಿಯದೆ ನಿಂತಿರುವುದು ಈ ಒಂದೆರಡು ವಾರದ ಕೆಲಸ!

ಇನ್ನು ಮಳೆಯ ಪಂಚಾಂಗ. ಅಶ್ವಿನಿ ಏಪ್ರಿಲ್ ಮಧ್ಯಕ್ಕೆ ಹುಟ್ಟುತ್ತದೆ, ಭರಣಿ ಏಪ್ರಿಲ್ ಕೊನೆಗೆ, ಕೃತ್ತಿಕೆ ಮೇ ಎರಡನೇ ವಾರಕ್ಕೆ, ರೋಹಿಣಿ ಮೇ 25ರ ಹೊತ್ತಿಗೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ರೈತ ಕೈ ಮುಗಿದು ಕಾಯುತ್ತಾನೆ. ಅದೇ ಭರಣಿ ಸೂರು ಬಿಚ್ಚಿದ ಶಾಲೆಯ ಮೇಲೆ ಬಂದರೆ ಮಣ್ಣಿನ ಗೋಡೆ ನೆನೆದು ಬಾಯಿ ಬಿಡುತ್ತದೆ. ರಜೆಗೂ ಮಳೆಗೂ ಜೋಡಿ ಇರುವುದು ಇವತ್ತು ನಿನ್ನೆಯ ಸಂಗತಿಯಲ್ಲ. ಪ್ರತಿ ಜೂನ್‌ನಲ್ಲೂ “ಅಕಾಲಿಕ ಮಳೆಯಿಂದ ಕಾಮಗಾರಿ ವಿಳಂಬ” ಎಂದು ಬರೆಯುವ ಮಹನೀಯರು ಒಂದು ಸಲ ಗೋಡೆ ಮೇಲಿನ ಕ್ಯಾಲೆಂಡರ್ ನೋಡಬಾರದೇ?

ತಪ್ಪು ಯಾರದು?

ಹೆಡ್‌ಮಾಸ್ತರನ್ನು ಕೇಳಿ: “ಮೂರು ವರ್ಷದಿಂದ ಅರ್ಜಿ ಕೊಟ್ಟಿದ್ದೀನಿ, ಪ್ರತಿ ಇದೆ” ಎನ್ನುತ್ತಾರೆ. ಪ್ರತಿ ಇದ್ದೇ ಇರುತ್ತದೆ. ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಹಾಲಿನ ಪುಡಿ ಲೆಕ್ಕ, ಮೇಲಿಂದ ಬಂದ ಗಣತಿ, ತರಬೇತಿ, ಇಷ್ಟರ ಮಧ್ಯೆ ಕಂಟ್ರಾಕ್ಟರನ್ನು ಹುಡುಕಿಕೊಂಡು ಹೋಗುವುದೂ ಅವರ ತಲೆಗೇ. ಆದರೆ ಕಂಟ್ರಾಕ್ಟರು ಅವರ ಮಾತು ಯಾಕೆ ಕೇಳಬೇಕು? ಬಿಲ್ಲು ಬರೆಯುವ ಕೈ ಬೇರೆ, ದುಡ್ಡು ಕೊಡುವ ಕೈ ಬೇರೆ.

ಇಂಜಿನಿಯರನ್ನು ಕೇಳಿ: “ದುಡ್ಡು ಬಿಡುಗಡೆ ಆಗೋದೇ ವರ್ಷದ ಕೊನೇಲಿ ಕಣ್ರೀ. ಮಾರ್ಚ್ 31ರೊಳಗೆ ಕೆಲಸ ಶುರುವಾಗಿದೆ ಅಂತ ತೋರಿಸಬೇಕು. ಮಾರ್ಚಿನಲ್ಲಿ ಶಾಲೆ ತುಂಬ ಪರೀಕ್ಷೆ. ನಾವೇನು ಮಾಯಾ ಮಂತ್ರ ಮಾಡೋಣವೇ?” ಈ ಮಾತು ಸುಳ್ಳಲ್ಲ. ಆದರೆ ಇದರಿಂದ ಆಗುವ ಅನಾಹುತ ನೋಡಿ. ಕೆಲಸ ಶುರುವಾಯಿತೆಂದು ತೋರಿಸಲು ಎಲ್ಲಕ್ಕಿಂತ ಅಗ್ಗದ ದಾರಿ ಯಾವುದು? ಬಿಚ್ಚುವುದು! ನಾಲ್ಕು ಆಳು, ಎರಡು ದಿನ, ಒಂದು ಫೋಟೋ. ಕಡತದಲ್ಲಿ “ಕಾಮಗಾರಿ ಪ್ರಗತಿಯಲ್ಲಿದೆ” ಎಂದು ಬರೆಯಲು ಇಷ್ಟು ಸಾಕು. ಕಟ್ಟುವುದಕ್ಕೆ ದುಡ್ಡು ಬೇಕು, ಬಿಚ್ಚುವುದಕ್ಕೆ ಸುತ್ತಿಗೆ ಸಾಕು.

ಕಂಟ್ರಾಕ್ಟರನ್ನು ಕೇಳಿ: ಹಿಂದಿನ ಬಿಲ್ಲೇ ಬಂದಿಲ್ಲ ಎನ್ನುತ್ತಾನೆ. ಅದೂ ಅನೇಕ ಸಲ ನಿಜ. ಆದರೆ ಅವನು ಹೇಳದಿರುವುದೂ ಒಂದಿದೆ. ಗುಬ್ಬಿಯಲ್ಲೊಂದು, ಕುಣಿಗಲ್ಲಿನಲ್ಲೊಂದು, ತುಮಕೂರಿನಲ್ಲೊಂದು ಕೆಲಸ ಹಿಡಿದವನ ಹತ್ತಿರ ಸೆಂಟ್ರಿಂಗ್ ತಗಡು ಇರುವುದು ಒಂದೇ ಜೊತೆ, ಗಾರೆಯವರ ತಂಡ ಒಂದೇ. ಮೂರು ಕಡೆ ಗುದ್ದಲಿ ಪೂಜೆ, ಒಂದು ಕಡೆ ಕೆಲಸ. ಜಿಲ್ಲೆಯ ಶಾಲೆಗಳಿಗೆಲ್ಲಾ ಅದೇ 48 ದಿನದಲ್ಲಿ ಅದೇ ಮೇಸ್ತ್ರಿ ಬೇಕು. ಮೇಸ್ತ್ರಿ ಎಲ್ಲಿ? ಬೆಳಗಿನ ರೈಲಿಗೋ ಬಸ್ಸಿಗೋ ಹತ್ತಿ ಬೆಂಗಳೂರಿನ ಕೆಲಸಕ್ಕೆ ಹೋಗಿದ್ದಾನೆ. ಅಲ್ಲಿ ಕೂಲಿ ಜಾಸ್ತಿ, ಸಂಜೆಗೆ ಕೈಗೆ ಬರುತ್ತದೆ. ಬಿಲ್ಲು ಆಗಲಿ ಕೊಡ್ತೀನಿ ಎನ್ನುವವನ ಹತ್ತಿರ ಅವನು ಯಾಕೆ ನಿಲ್ಲುತ್ತಾನೆ?

ಇದರ ಮೇಲೆ ಚುನಾವಣೆ. 2023ರ ಮೇ 10ಕ್ಕೆ ವಿಧಾನಸಭೆಗೆ ಮತದಾನ. 2024ರ ಏಪ್ರಿಲ್ 26ಕ್ಕೆ ನಮ್ಮ ಕಡೆ ಲೋಕಸಭೆಗೆ. ಎರಡು ಬೇಸಿಗೆಯೂ ನೀತಿ ಸಂಹಿತೆಯ ನೆರಳಿನಲ್ಲಿ ಕಳೆದವು. ಆಗಲೇ ಶುರುವಾಗಿದ್ದ ಕೆಲಸಕ್ಕೆ ಸಂಹಿತೆ ಅಡ್ಡ ಬರುವುದಿಲ್ಲ. ಶುರುವಾಗದ ಹೊಸ ಕೆಲಸಕ್ಕೆ ಬರುತ್ತದೆ. ಹಾಗಾಗಿ ಕಾಗದವನ್ನು ಚಳಿಗಾಲದಲ್ಲೇ ಮುಗಿಸಿದವನು ಮಾತ್ರ ಗೆದ್ದ. ಒಂದು ತಮಾಷೆ ಗಮನಿಸಿದಿರಾ? ಶಾಲೆ ಮತಗಟ್ಟೆಯಾಗುತ್ತದೆಂದರೆ ಇಳಿಜಾರು ದಾರಿ, ಬಲ್ಬು, ಕುಡಿಯುವ ನೀರು ಎಲ್ಲಾ ವಾರದೊಳಗೆ ಬರುತ್ತದೆ. ಒಂದು ದಿನ ಬಂದು ಹೋಗುವ ಮತದಾರನಿಗೆ ಸಿಗುವ ಮರ್ಯಾದೆ ವರ್ಷಪೂರ್ತಿ ಬರುವ ಮಗುವಿಗೆ ಇಲ್ಲ. ಮಗುವಿಗೆ ವೋಟಿಲ್ಲವಲ್ಲ!

ಸಂದು ಸಿಕ್ಕಾಗಲೂ ಬಳಸಿಕೊಳ್ಳಲಿಲ್ಲ ಎಂಬುದಕ್ಕೆ 2025ರ ದಸರೆಯೇ ಸಾಕ್ಷಿ. ಜಾತಿವಾರು ಸಮೀಕ್ಷೆಗೆ ಮೇಷ್ಟ್ರುಗಳು ಬೇಕೆಂದು ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಮಕ್ಕಳಿಲ್ಲದ ಶಾಲೆ, ಹೆಚ್ಚುವರಿ ಹತ್ತು ದಿನ. ನಮ್ಮ ಭಾವನ ಊರಿನ ಆ ಕೊಠಡಿಯ ಹೆಂಚು ಆಗಲಾದರೂ ಮೇಲೇರಬಹುದಿತ್ತು. ಏರಲಿಲ್ಲ. ಬೀಗದ ಕೈ ಹೆಡ್‌ಮಾಸ್ತರ ಹತ್ತಿರ, ಹೆಡ್‌ಮಾಸ್ತರು ಊರೂರು ಸುತ್ತುತ್ತಾ ಬಾಗಿಲು ಬಡಿಯುತ್ತಿದ್ದರು.

ಜೂನ್ ತಿಂಗಳ ಬಸ್ಸು

“ಹೋಗಲಿ ಬಿಡಿ, ಒಂದು ತಿಂಗಳು ತಡವಾದರೆ ಗಂಟೇನು ಹೋಗುತ್ತೆ?” ಎಂದು ಕೇಳುವವರಿದ್ದಾರೆ. ಹೋಗುವುದು ಗಂಟಲ್ಲ, ಶಾಲೆಯೇ.

ಒಂದನೇ ತರಗತಿಗೆ ಮಗುವನ್ನು ಸೇರಿಸುವ ಕಾಲ ಮೇ ಕೊನೆ, ಜೂನ್ ಮೊದಲು. ಅಪ್ಪ ಅಮ್ಮ ಮಗುವಿನ ಕೈ ಹಿಡಿದು ಶಾಲೆ ನೋಡಲು ಬರುವುದು ಆ ಹದಿನೈದು ದಿನದಲ್ಲೇ. ಆಗ ಅವರ ಕಣ್ಣಿಗೆ ಬೀಳುವುದು ಸೂರಿಲ್ಲದ ಕೊಠಡಿ, ಅಂಗಳದಲ್ಲಿ ಜಲ್ಲಿ ರಾಶಿ, ಚುಚ್ಚುವ ಕಂಬಿ. ಅದೇ ಹೊತ್ತಿಗೆ ಊರ ಬಾಗಿಲಿಗೆ ಕಾನ್ವೆಂಟಿನ ಹಳದಿ ಬಸ್ಸು ಬಂದು ಹಾರ್ನ್ ಹೊಡೆಯುತ್ತದೆ. ಸಾಲ ಮಾಡಿಯಾದರೂ ಬಸ್ಸು ಹತ್ತಿಸುತ್ತಾರೆ. ಅವರನ್ನು ಬೈಯಲು ನನಗೆ ಬಾಯಿಲ್ಲ. ಆ ವರ್ಷ ಹತ್ತು ಮಕ್ಕಳು ಹೋದರೆ ಮುಂದಿನ ವರ್ಷ ಮೇಷ್ಟ್ರು ಒಬ್ಬರು “ಹೆಚ್ಚುವರಿ” ಎಂದು ವರ್ಗವಾಗುತ್ತಾರೆ. ಮೇಷ್ಟ್ರು ಹೋದರೆಂದು ಇನ್ನೈದು ಮಕ್ಕಳು ಹೋಗುತ್ತಾರೆ. ಕೊನೆಗೊಂದು ದಿನ “ಮಕ್ಕಳ ಕೊರತೆಯಿಂದ” ಶಾಲೆಗೆ ಬೀಗ. ಕೊರತೆ ಬಿದ್ದದ್ದು ಹೆಂಚಿನದು ಎಂದು ಯಾವ ವರದಿಯಲ್ಲೂ ಬರುವುದಿಲ್ಲ.

ಕಾನ್ವೆಂಟಿಗೆ ಕೊಡಲು ಕಾಸಿಲ್ಲದವರ ಮಕ್ಕಳು ಉಳಿದುಕೊಳ್ಳುತ್ತಾರಲ್ಲ, ಅವರ ಕಥೆ ಇನ್ನೂ ಕಷ್ಟದ್ದು.

2025ರ ಜುಲೈ 25ರ ಬೆಳಿಗ್ಗೆ ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿ ಎಂಬ ಹಳ್ಳಿಯ ಸರ್ಕಾರಿ ಶಾಲೆಯ ಸೂರು ಕುಸಿದು ಏಳು ಮಕ್ಕಳು ಸತ್ತರು. ಮೇಲಿಂದ ಹರಳು ಉದುರುತ್ತಿದೆ ಎಂದು ಮಕ್ಕಳು ಮೊದಲೇ ಹೇಳಿದ್ದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಪತ್ರಿಕೆಗಳಲ್ಲಿ ವರದಿಯಾಯಿತು. ಅದಕ್ಕೂ ಹಿಂದೆ, 2004ರ ಜುಲೈ 16ರಂದು ಕುಂಭಕೋಣದ ಶಾಲೆಯ ಗರಿಯ ಸೂರಿಗೆ ಬೆಂಕಿ ಬಿದ್ದು 94 ಮಕ್ಕಳು ಸುಟ್ಟುಹೋದರು. ಆ ದುರಂತದ ನಂತರ ನಡೆದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2009ರಲ್ಲಿ ಹೇಳಿದ್ದೇನು? ಶಿಕ್ಷಣದ ಹಕ್ಕು ಎಂದರೆ ಭದ್ರವಾದ ಶಾಲೆಯಲ್ಲಿ ಕಲಿಯುವ ಹಕ್ಕೂ ಸೇರಿತು ಎಂದು. ಅದೇ ವರ್ಷದ ಶಿಕ್ಷಣ ಹಕ್ಕು ಕಾಯಿದೆಯೂ ಎಲ್ಲ ಕಾಲಕ್ಕೂ ತಡೆಯುವ ಕಟ್ಟಡ ಬೇಕು, ಮೇಷ್ಟ್ರಿಗೊಂದು ಕೊಠಡಿ ಬೇಕು ಎಂದು ಬರೆದಿಟ್ಟಿದೆ.

ಹರಳು ಉದುರುವುದು ಯಾಕೆ ಎಂಬುದೂ ಗುಟ್ಟಲ್ಲ. ತಾರಸಿಯ ನೀರು ಹೋಗುವ ಕಿಂಡಿಯಲ್ಲಿ ಎಲೆ ಕಸ ಕಟ್ಟಿಕೊಳ್ಳುತ್ತದೆ, ನೀರು ನಿಲ್ಲುತ್ತದೆ, ಒಳಗೆ ಇಳಿದು ಕಂಬಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬುತ್ತದೆ. ಉಬ್ಬಿದ ಕಂಬಿ ಸಿಮೆಂಟನ್ನು ಚಕ್ಕೆ ಚಕ್ಕೆಯಾಗಿ ಕೆಳಗೆ ನೂಕುತ್ತದೆ. ಅದರ ಮೇಲೆ ಗಾರೆ ಮೆತ್ತಿ ಬಣ್ಣ ಬಳಿದರೆ ಹುಣ್ಣಿಗೆ ಪೌಡರ್ ಹಾಕಿದ ಹಾಗೆ. ಆದರೆ ನಮ್ಮ ಜನಕ್ಕೆ ಬಣ್ಣದ್ದೇ ಚಿಂತೆ. 2022ರಲ್ಲಿ “ವಿವೇಕ” ಕೊಠಡಿಗಳಿಗೆ ಕೇಸರಿ ಬಳಿಯಬೇಕೇ ಬೇಡವೇ ಎಂದು ರಾಜ್ಯವೆಲ್ಲ ಜಗಳವಾಡಿತು. ನೀರಿನ ಕಿಂಡಿಯ ಬಗ್ಗೆ ಅದರ ನೂರರಲ್ಲಿ ಒಂದು ಪಾಲು ಜಗಳವಾಗಿದ್ದರೆ ಎಷ್ಟೋ ತಾರಸಿ ಉಳಿಯುತ್ತಿತ್ತು.

ಲಗ್ನ ಇಡುವುದು ಹೇಗೆ?

ನಮ್ಮವರಿಗೆ ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸಲು ಬರುವುದಿಲ್ಲವೇ? ಯಾರು ಹೇಳಿದರು? ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕುಂಭಾಭಿಷೇಕದ ಲಗ್ನ ಇಟ್ಟರೆಂದರೆ ರಾತ್ರಿ ಪೆಟ್ರೋಮ್ಯಾಕ್ಸ್ ಹಚ್ಚಿಯಾದರೂ ಗೋಪುರ ಮುಗಿಸುತ್ತಿದ್ದ ಊರುಗಳು ಇವು. ಯಡಿಯೂರು ತೇರಿಗಾಗಲಿ, ಗುಬ್ಬಿ ಚನ್ನಬಸವೇಶ್ವರನ ತೇರಿಗಾಗಲಿ ಗಾಲಿ ರಿಪೇರಿ ಆಗಿಲ್ಲವೆಂದು ಮುಂದಿನ ತಿಂಗಳಿಗೆ ಹಾಕುತ್ತಾರೆಯೇ? ಆನೆ ಕುದುರೆಗಳನ್ನು ರಂಗಕ್ಕೆ ತಂದು ಕುರುಕ್ಷೇತ್ರ ಆಡಿಸಿದ ಗುಬ್ಬಿ ವೀರಣ್ಣನವರ ಊರು ಇದು. ಪರದೆ ಏಳುವ ಹೊತ್ತು ಗೊತ್ತಿದ್ದರೆ ಎಲ್ಲವೂ ಹಿಂದಿನಿಂದ ಹೊಂದಿಕೊಳ್ಳುತ್ತದೆ. ಶಾಲೆಯ ಪರದೆ ಮೇ 29ಕ್ಕೆ ಏಳುತ್ತದೆ. ಅಲ್ಲಿಂದ ಹಿಂದಕ್ಕೆ ಎಣಿಸಿಕೊಂಡು ಬನ್ನಿ.

ಒಂದು: ಫೆಬ್ರವರಿ ಮುಗಿಯುವುದರೊಳಗೆ ಇಂಜಿನಿಯರು ಏಣಿ ಹಾಕಿ ಪ್ರತಿ ಶಾಲೆಯ ಸೂರು ಹತ್ತಲಿ. ಮೂರು ಪಟ್ಟಿ ಸಾಕು. ಅಪಾಯದ ಕೊಠಡಿ, ಅವತ್ತೇ ಬೀಗ. ರಜೆಯಲ್ಲಿ ಮುಗಿಯುವ ಕೆಲಸ. ರಜೆಯಲ್ಲಿ ಮುಗಿಯದ ಕೆಲಸ, ಅದಕ್ಕೆ ಮಕ್ಕಳು ಕೂರುವ ಬದಲಿ ಜಾಗ ಮೊದಲು, ಸುತ್ತಿಗೆ ಆಮೇಲೆ.

ಎರಡು: ಮಾರ್ಚ್ ಕೊನೆಯೊಳಗೆ ಟೆಂಡರು, ಕರಾರು, ಕೆಲಸದ ಆದೇಶ ಎಲ್ಲಾ ಮುಗಿದಿರಲಿ. ಒಬ್ಬನಿಗೆ ಅವನ ಆಳು, ತಗಡು ಇದ್ದಷ್ಟೇ ಕೆಲಸ ಕೊಡಿ. ಏಪ್ರಿಲ್ 11ಕ್ಕೆ ಮರ, ಹೆಂಚು, ಸಿಮೆಂಟು, ಮರಳು ಅಂಗಳದಲ್ಲಿ ಇಲ್ಲವೆಂದರೆ ಸೂರು ಬಿಚ್ಚಬೇಡಿ. ದಮ್ಮಯ್ಯ, ಬಿಚ್ಚಬೇಡಿ! ಸೋರುವ ಸೂರಿನ ಕೆಳಗೆ ಬಕೆಟ್ ಇಡಬಹುದು. ಇಲ್ಲದ ಸೂರಿನ ಕೆಳಗೆ ಏನಿಡುತ್ತೀರಿ?

ಮೂರು: ಕೆಲಸದ ಕ್ರಮ ಮೇಲಿಂದ ಕೆಳಗೆ. ಸೂರು, ನೀರಿನ ಕಿಂಡಿ, ಕರೆಂಟಿನ ತಂತಿ, ಶೌಚಾಲಯ, ನೆಲ. ಬಣ್ಣ ಕಟ್ಟಕಡೆಗೆ. ದಿನ ಸಾಲದಿದ್ದರೆ ಬಣ್ಣ ಬಿಡಿ, ದಸರೆಗೆ ಬಳಿಯೋಣ.

ನಾಲ್ಕು: ಶಾಲೆ ಗೇಟಿಗೆ ಒಂದು ಬೋರ್ಡು. ಕೆಲಸ ಯಾವುದು, ದುಡ್ಡೆಷ್ಟು, ಹಿಡಿದವರು ಯಾರು, ನೋಡಿಕೊಳ್ಳುವ ಇಂಜಿನಿಯರು ಯಾರು, ಮುಗಿಯುವ ತಾರೀಖು ಯಾವುದು. 2001ರಿಂದ ನಮ್ಮಲ್ಲಿ ಎಸ್.ಡಿ.ಎಂ.ಸಿ. ಇದೆ, ತಂದೆ ತಾಯಿಗಳೇ ಅದರಲ್ಲಿ ಹೆಚ್ಚು. ಅವರಿಗೆ ಒಂದು ನೋಟ್‌ಬುಕ್ ಕೊಡಿ. ಇವತ್ತು ಎಷ್ಟು ಆಳು ಬಂದರು, ತಾರಸಿಗೆ ನೀರು ಹಾಕಿದರೋ ಇಲ್ಲವೋ, ಇಷ್ಟು ಬರೆದು ರುಜು ಹಾಕಲಿ. ಬೆಳಿಗ್ಗೆ ಸಂಜೆ ತಾರಸಿಗೆ ನೀರು ಬಿತ್ತೇ ಎಂದು ನೋಡಲು ಇಂಜಿನಿಯರಿಂಗ್ ಓದಬೇಕಿಲ್ಲ. ಎದುರು ಮನೆಯ ಅಜ್ಜಿ ಸಾಕು.

ಐದು: ಕೆಲಸ ಮಾಡಿದವನಿಗೆ ಹೊತ್ತಿಗೆ ದುಡ್ಡು ಕೊಡಿ. ಅವನನ್ನು ವರ್ಷಗಟ್ಟಲೆ ಅಲೆಸಿ ಆಮೇಲೆ ತಾರೀಖು ಕೇಳಲು ನಮಗೇನು ಮುಖವಿದೆ? ಆದರೆ ಠೇವಣಿಯನ್ನು ಮಾತ್ರ ಒಂದು ಮಳೆಗಾಲ ಕಳೆಯುವವರೆಗೆ ಬಿಡಬೇಡಿ. ಸೂರು ಸರಿಯಾಗಿದೆಯೇ ಎಂಬುದಕ್ಕೆ ಇಂಜಿನಿಯರ ರುಜುವಿಗಿಂತ ದೊಡ್ಡ ಸರ್ಟಿಫಿಕೇಟು ಮಳೆಯದು.

ಇದರಲ್ಲಿ ಹೊಸ ಕಾನೂನು ಯಾವುದೂ ಬೇಕಿಲ್ಲ. ಜಿಲ್ಲಾ ಪಂಚಾಯಿತಿಯ ಸಿ.ಇ.ಓ. ಸಾಹೇಬರು, ಡಿ.ಡಿ.ಪಿ.ಐ. ಸಾಹೇಬರು, ಇಂಜಿನಿಯರಿಂಗ್ ವಿಭಾಗದವರು ಒಂದು ಮೇಜಿನ ಸುತ್ತ ಅರ್ಧ ದಿನ ಕೂತರೆ ಆಗುವ ಮಾತು. ಆದರೆ ಕೂರುವುದು ಈಗ, ಈ ತಿಂಗಳೊಳಗೆ. ಏಪ್ರಿಲ್‌ನಲ್ಲಿ ಕೂತರೆ ಅದು ಸಭೆಯಲ್ಲ, ತಿಥಿ.

ಏಪ್ರಿಲ್ 11ಕ್ಕೆ ಇನ್ನು ಹತ್ತಿರ ಹತ್ತಿರ ಮೂರು ತಿಂಗಳಿದೆ. ಹೊರಡುವಾಗ ಭಾವನವರು ಬಸ್ ಸ್ಟಾಪಿನವರೆಗೆ ಬಂದಿದ್ದರು. “ಪೇಪರ್‌ನಾಗೆ ಬರೀತೀಯಾ ಭಾವ? ಬರಿ. ಆದ್ರೆ ಒಂದ್ಮಾತು. ಅವ್ರು ಬಂದ್ರೆ ಉಳಿದ ಮೂರು ಕೋಣೆಗೆ ಕೈ ಹಾಕ್ಬೇಡಿ ಅಂತ ಮಾತ್ರ ಬರಿ” ಎಂದರು.

ಸರ್ಕಾರಿ ರಿಪೇರಿ ಎಂದರೆ ಜನ ಹೆದರುವ ಕಾಲ ಬಂದಿದೆ ಎಂದು ಸಂಬಂಧಪಟ್ಟವರ ಗಮನಕ್ಕೆ ತರಲು ಇದನ್ನು ಬರೆದಿದ್ದೇನೆ. ಯುಗಾದಿ ಹೊತ್ತಿಗೆ ಇನ್ನೊಂದು ಸಲ ಆ ಊರಿಗೆ ಹೋಗುವವನಿದ್ದೇನೆ. ಅಂಗಳದಲ್ಲಿ ರೀಪು, ತೊಲೆ ಬಂದು ಬಿದ್ದಿದ್ದರೆ ಅದನ್ನೂ ಇದೇ ಜಾಗದಲ್ಲಿ ಸಂತೋಷದಿಂದ ಬರೆಯುತ್ತೇನೆ.